ನೀರು ಕುದಿಯುವ ಹೊತ್ತು

ಬೆಳಿಗ್ಗೆ ಹತ್ತೂವರೆಗೆ ಬಸ್ಸು ಔರಾದಿಗೆ ಬಂತು. ಹಿಂದಿನ ವಾರ ಆ ಊರಿನಲ್ಲಿ ಕಾಲರಾ ಸೂಜಿ ಹಾಕಿಸಿಕೊಂಡವರಲ್ಲಿ ಹದಿನಾಲ್ಕು ಮಂದಿಯ ತೋಳಿನಲ್ಲಿ ಕೀವು ತುಂಬಿತ್ತು. ಅವರಲ್ಲಿ ಹೆಚ್ಚಿನವರು ಮಕ್ಕಳು. ಅದು ೧೯೫೧ರ ಏಪ್ರಿಲ್. ಹೈದರಾಬಾದ್ ಸಂಸ್ಥಾನದ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದು ಎರಡೂವರೆ ವರ್ಷವಾಗಿತ್ತು.

ಬಸ್ಸಿನಿಂದ ಮೊದಲು ಇಳಿದವಳು ಭಾಗೀರಥಿಬಾಯಿ, ಬೀದರಿನ ಬಾವಡಿ ದವಾಖಾನೆಯಲ್ಲಿ ನರ್ಸ್ ಕ್ಲಾಸು ನಡೆಸುವವಳು. ಅವಳ ಹಿಂದೆ ತಗಡಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಮುನ್ನಿಬೀ ಇಳಿದಳು. ಕ್ಲಾಸಿನ ಎರಡನೆಯ ವರ್ಷದ ವಿದ್ಯಾರ್ಥಿನಿ. ಆ ಹದಿನಾಲ್ಕೂ ತೋಳಿಗೆ ಸೂಜಿ ಹಾಕಿದವಳು ಅವಳೇ. ದವಾಖಾನೆಯ ಹಿರಿಯ ಡಾಕ್ಟರು ಶಿವರಾಜಪ್ಪ ಮಧ್ಯಾಹ್ನದ ಮೇಲೆ ಜೀಪಿನಲ್ಲಿ ಬರುವವರಿದ್ದರು. ತಾವು ಬರುವುದರೊಳಗೆ ತಪ್ಪು ಎಲ್ಲಿ ಆಯಿತೆಂದು ನೋಡಿಡಲು ಭಾಗೀರಥಿಬಾಯಿಗೆ ಹೇಳಿ ಕಳಿಸಿದ್ದರು. "ಔಷಧದ ತಪ್ಪಿದ್ರ ಹೈದರಾಬಾದಿಗಿ ಬರೀತೇನಿ. ಹುಡುಗೀ ತಪ್ಪಿದ್ರ ಇವತ್ತೇ ಮನಿಗಿ ಕಳಸ್ತೇನಿ. ಮೂರನೇದ್ದು ಇಲ್ರಿ ಬಾಯಾರ," ಎಂದಿದ್ದರು ಮುಂಜಾನೆ ವಾರ್ಡಿನ ಬಾಗಿಲಲ್ಲಿ ನಿಂತು. ಮುನ್ನಿಬೀ ಅಲ್ಲೇ ಇದ್ದಳು. ಮನೆಗೆ ಎಂದರೆ ಎಲ್ಲಿಗೆ ಎಂದು ಅವರು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವಳ ಗಂಡ ಆ ಕಾರ್ಯಾಚರಣೆಯ ಗದ್ದಲದಲ್ಲಿ ತೀರಿಹೋಗಿದ್ದ, ಮಾವನ ಮನೆಯವರು ಊರು ಬಿಟ್ಟು ಹೋಗಿದ್ದರು. ದವಾಖಾನೆಯ ಹಿಂದೆ, ಹಳೆಯ ಮೆಟ್ಟಿಲು ಬಾವಿಯ ಪಕ್ಕದ ಉದ್ದನೆಯ ಕೋಣೆಯಲ್ಲಿ ಹುಡುಗಿಯರು ಸಾಲಾಗಿ ಮಲಗುತ್ತಿದ್ದರು. ಅಲ್ಲಿ ಗೋಡೆಯ ಪಕ್ಕದ ಹಾಸಿಗೆ ಅವಳದು. ಬೇರೆ ಮನೆ ಇರಲಿಲ್ಲ.

ದಾರಿಯುದ್ದಕ್ಕೂ ಭಾಗೀರಥಿಬಾಯಿ ಔಷಧದ ತಪ್ಪೇ ಆಗಿರಲಿ ಎಂದುಕೊಳ್ಳುತ್ತಾ ಬಂದಿದ್ದಳು. ಬಿಸಿಲಿಗೆ ಕೆಟ್ಟಿರಬಹುದು, ರೈಲಿನಲ್ಲಿ ಬರುವಾಗ ಬೂಚು ಸಡಿಲಾಗಿರಬಹುದು, ಹೈದರಾಬಾದಿನಲ್ಲೇ ಯಾರೋ ಹಳೆಯ ಬಾಟಲಿಗಳನ್ನು ಬೀದರಿಗೆ ಸಾಕು ಎಂದು ಕಟ್ಟಿರಬಹುದು. ಹೀಗೆ ಒಂದೊಂದೇ ಕಾರಣ ಹುಡುಕಿ, ಒಂದೊಂದನ್ನೂ ತಿರುಗಿಸಿ ನೋಡಿ, ಪಕ್ಕಕ್ಕಿಡುತ್ತಿದ್ದಳು. ಕಿಟಕಿಯಾಚೆ ಕೆಮ್ಮಣ್ಣಿನ ಬಯಲು ಹಿಂದೆ ಸರಿಯುತ್ತಿತ್ತು. ಮುನ್ನಿಬೀ ಅವಳ ಪಕ್ಕದಲ್ಲಿ ಕುಳಿತಿದ್ದಳು, ತುಟಿ ಅಲುಗುತ್ತಿತ್ತು. ಮೊದಲು ದುವಾ ಓದುತ್ತಿದ್ದಾಳೆಂದು ತೋರಿತು. ಆಮೇಲೆ ನೋಡಿದರೆ ಅದು ಪಾಠ. ಕೈ ತೊಳೆದೆ, ನೀರು ಕುದಿಯಿತು, ಸೂಜಿ ಚಿಮಟಿಗೆಯಿಂದ ತೆಗೆದೆ. ತಾನೇ ಕಲಿಸಿದ ಮಾತು ಇನ್ನೊಬ್ಬರ ತುಟಿಯ ಮೇಲೆ ಸದ್ದಿಲ್ಲದೆ ಓಡುವುದನ್ನು ನೋಡಿದಾಗ ಮಾಸ್ತರಿಕೆಯವರಿಗೆ ಒಂದು ಹೆಮ್ಮೆ ಹುಟ್ಟುತ್ತದೆ. ಆ ಹೆಮ್ಮೆ ಹುಟ್ಟಿತು. ಕೂಡಲೇ, ಯಾಕೆಂದು ತಿಳಿಯದೆ, ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಹುಡುಗಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಗದ್ದಲದ ಮೊದಲು ಕ್ಲಾಸು ಉರ್ದುವಿನಲ್ಲಿತ್ತು. ಆಮೇಲೆ ದವಾಖಾನೆಯ ಕಮಿಟಿಯವರು ಕನ್ನಡ ಎಂದರು. ಭಾಗೀರಥಿಬಾಯಿಯೇ ರಾತ್ರಿ ಹಗಲು ಕುಳಿತು ಒಂದೊಂದು ಹೆಜ್ಜೆಯನ್ನೂ ಸಣ್ಣ ಸಣ್ಣ ವಾಕ್ಯ ಮಾಡಿದಳು. ಮುನ್ನಿಬೀ ಅದನ್ನು ಕಿವಿಯಿಂದ ಕಲಿತಳು, ಎಲ್ಲರಿಗಿಂತ ಬೇಗ ಕಲಿತಳು. ಮೊದಲ ವರ್ಷದ ಪರೀಕ್ಷೆಯಲ್ಲಿ ಕುರ್ಚಿಯಲ್ಲಿ ಕುಳಿತ ಪರೀಕ್ಷಕರು ಕಣ್ಣು ಮುಚ್ಚಿಕೊಂಡು ಕೇಳಿ, "ಶಾಬಾಸ್, ಒಂದಕ್ಷರ ತಪ್ಪಿಲ್ಲ," ಎಂದಿದ್ದರು.

ಸೂಜಿ ಹಾಕಿದ್ದು ಹಾವಗೆಪ್ಪನ ಅಡತಿ ಅಂಗಡಿಯ ಕಟ್ಟೆಯ ಮೇಲೆ. ತೊಗರಿ ಚೀಲಗಳನ್ನು ಒಂದು ಬದಿಗೆ ಸರಿಸಿ ಜಾಗ ಮಾಡಿಕೊಟ್ಟಿದ್ದವನು ಅವನೇ. ಊರಿಗೆ ಒಳ್ಳೆಯದಾಗಲಿ ಎಂದು ಮೊದಲು ತೋಳು ಚಾಚಿದವನೂ ಅವನೇ. ಈಗ ಅವನು ಚೀಲಕ್ಕೆ ಒರಗಿ ಕುಳಿತಿದ್ದ. ಭಾಗೀರಥಿಬಾಯಿ ಹತ್ತಿರ ಬಂದಾಗ ಏಳಲಿಲ್ಲ.

"ಬರ್ರಿ ಬಾಯಾರ. ಹೈಜಾ ಬರಬಾರದಂತ ಸೂಜಿ ಹಾಕ್ಸಿದ್ವಿ. ಹೈಜಾ ಬರಲಿಲ್ಲ. ಅದಕ್ಕಿಂತ ಚಂದಂದು ಬಂತು."

"ಯಾರ್ಯಾರಿಗಿ ಆಗ್ಯದ, ತೋರಸ್ತೀರೇನ್ರಿ?"

"ತೋರಸ್ತೇನಿ. ಮೊದಲ ಯಾರಿಗಿ ಆಗಿಲ್ಲ, ಅದು ನೋಡ್ರಿ." ಅಂಗಿಯ ತೋಳನ್ನು ಭುಜದವರೆಗೆ ಏರಿಸಿದ. ತೋಳು ನುಣ್ಣಗಿತ್ತು, ಚುಚ್ಚಿದ ಗುರುತು ಕೂಡ ಮಾಸಿತ್ತು. "ನಾ ಮೊದಲ. ನನ್ನ ಹಿಂದ ನಮ್ಮ ಹಮಾಲರು. ಒಬ್ಬರಿಗೂ ಏನೂ ಇಲ್ಲ. ಆಮ್ಯಾಲ ನಿಂತ ಹೆಣ್ಮಕ್ಕಳು, ಹುಡುಗರು, ಅವರಿಗೇ ಎಲ್ಲಾ."

"ಬಾಟಲಿ ಬದಲಿ ಮಾಡಿದ್ರೇನು?"

"ಅಲ್ಲೇ ಅವ ನೋಡ್ರಿ ಖಾಲಿ ಬಾಟ್ಲಿ. ನಮ್ಮ ಮಂದಿ ಒಂದೂ ಒಗದಿಲ್ಲ. ಜಡ್ಜ ಮುಂದ ಬೇಕಾಗ್ತಾವಂತ ಇಟ್ಟೀವಿ," ಎಂದು ನಕ್ಕ. ನಗು ಅವನ ಕಣ್ಣಿಗೆ ತಲುಪಲಿಲ್ಲ.

ಬಾಟಲಿಗಳು ಒಂದೇ ಪೆಟ್ಟಿಗೆಯವು, ಒಂದೇ ನಂಬರಿನವು. ಒಂದೊಂದು ಬಾಟಲಿಯಿಂದ ಹಲವರಿಗೆ ಹಾಕಿತ್ತು. ಅದೇ ಬಾಟಲಿ, ಅದೇ ಬಿಸಿಲು. ಮೊದಲು ನಿಂತವರಿಗೆ ಏನೂ ಆಗಿಲ್ಲ, ಆಮೇಲೆ ನಿಂತವರಿಗೆ ಆಗಿದೆ. ಹಾಗಾದರೆ ಔಷಧವಲ್ಲ. ಭಾಗೀರಥಿಬಾಯಿಗೆ ಇದು ಇಷ್ಟು ಬೇಗ, ಇಷ್ಟು ಸರಳವಾಗಿ ಗೊತ್ತಾದದ್ದು ಸಿಟ್ಟು ತರಿಸಿತು. ಇನ್ನೂ ಬೆವರು ಒರೆಸಿಕೊಂಡಿರಲಿಲ್ಲ, ಒಂದು ಬಾಗಿಲು ಮುಚ್ಚಿತ್ತು. ಉಳಿದದ್ದು ಹುಡುಗಿ. ಅವಳು ತಿರುಗಿ ನೋಡಿದಾಗ ಮುನ್ನಿಬೀ ಕಟ್ಟೆಯ ತುದಿಯಲ್ಲಿ ಪೆಟ್ಟಿಗೆ ಇಳಿಸಿ, ಬುರ್ಖಾ ಬಿಟ್ಟ ದಿನದಿಂದ ರೂಢಿಯಾದಂತೆ ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ನಿಂತಿದ್ದಳು. ಹಾವಗೆಪ್ಪ ದನಿ ತಗ್ಗಿಸಿದ, ಆದರೆ ಅವಳಿಗೆ ಕೇಳದಷ್ಟು ತಗ್ಗಿಸಲಿಲ್ಲ.

"ಒಂದು ಮಾತ ಹೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅಕಿ ಗಂಡನ್ನ ಗದ್ದಲದಾಗ ಕಳ್ಕೊಂಡಾಳಂತ. ಮನಸ್ಸಿನಾಗ ಏನರ ಇಟ್ಕೊಂಡು... ಮಂದಿ ಅಂತಾರ ನೋಡ್ರಿ. ನಾ ಅನ್ನಂಗಿಲ್ಲ."

"ನೀವು ಅನ್ನಂಗಿದ್ರ ಏನ್ ಅಂತಿದ್ರಿ?" ಎಂದಳು ಭಾಗೀರಥಿಬಾಯಿ. ಮಾತು ಹರಿತವಾಗಿಯೇ ಬಂತು. ಆದರೆ ಅದು ಅಲ್ಲಿಗೇ ನಿಂತಿತು. ಅವನು ಚೀಲದ ಹೊಲಿಗೆಯನ್ನು ಉಗುರಿನಿಂದ ಕೆದಕುತ್ತಾ, "ನಮ್ಮ ಈರಮ್ಮನ ಮನಿಗಿ ಮೊದಲ ಹೋಗ್ರಿ," ಎಂದ.

ಈರಮ್ಮನ ಮನೆ ಅಂಗಡಿಯ ಹಿಂದಿನ ಓಣಿಯಲ್ಲಿತ್ತು. ಅವಳ ಮೊಮ್ಮಗಳು ಮಾದೇವಿ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದಳು. ಎಡತೋಳು ಭುಜದ ಕೆಳಗೆ ಉಬ್ಬಿ ಕೆಂಪಗಾಗಿತ್ತು, ಚರ್ಮ ಬಿಗಿದು ಹೊಳೆಯುತ್ತಿತ್ತು. ಮುಟ್ಟಿದರೆ ಬೆರಳು ಸುಡುವಷ್ಟು ಬಿಸಿ. ಮಗು ಅಳಲಿಲ್ಲ, ಅತ್ತು ಮುಗಿದಿತ್ತು. ಮುನ್ನಿಬೀಯನ್ನು ಕಂಡದ್ದೇ ಕಾಲು ಮಡಚಿಕೊಂಡು ಕಂಬದ ಹಿಂದೆ ಸರಿಯಿತು.

"ನೋಡ್ರವ್ವಾ, ನೆಪ್ಪ ಅದ ಕೂಸಿಗಿ," ಎಂದಳು ಈರಮ್ಮ. "ಅವತ್ತ ಇಕಿ ಎಷ್ಟ ಚಂದ ಮಾತಾಡಿದಳಂತೀರಿ! ಏನೇನೋ ಹೇಳಿಕೋತ ಚುಚ್ಚಿದಳು. ನಾ ಅಂದೆ, ಪೂಜಿ ಮಾಡ್ಲಿಕತ್ತಾಳ, ಮಂತ್ರ ಅಂತ. ಭಾಳ ಶಾಣ್ಯಾ ಹುಡುಗಿ ಅಂತ ಅಂದ್ವಿ."

ಭಾಗೀರಥಿಬಾಯಿ ಮಗುವಿನ ತೋಳಿನಿಂದ ಕೈ ತೆಗೆದಳು. ಮಂತ್ರ ಎಂಬ ಮಾತಿಗೆ ಬಸ್ಸಿನಲ್ಲಿ ಅಲುಗುತ್ತಿದ್ದ ತುಟಿ ನೆನಪಾಯಿತು. "ಮುನ್ನೀ," ಎಂದಳು, "ಪೆಟ್ಟಗಿ ತಗೀ. ಅವತ್ತ ಹ್ಯಾಂಗ ಮಾಡಿದ್ದಿ, ಹಂಗೇ ಮಾಡಿ ತೋರಸು. ಯಾರಿಗೂ ಚುಚ್ಚಬ್ಯಾಡ. ಅಲ್ಲಿತನಕ ಮಾಡು."

ಹುಡುಗಿಯ ಮುಖ ಅರಳಿತು. ಬೆಳಗಿನಿಂದ ಮೊದಲ ಬಾರಿಗೆ ಅವಳಿಗೆ ಗೊತ್ತಿದ್ದದ್ದನ್ನು ಕೇಳಿದ್ದರು. ನೆಲದ ಮೇಲೆ ಬಿಳಿಯ ಬಟ್ಟೆ ಹಾಸಿದಳು, ಬಾಗಿದ ಟ್ರೇಯನ್ನು ಅದರ ಮೇಲಿಟ್ಟಳು, ಸಿರಿಂಜನ್ನು ಹತ್ತಿಯ ಮೇಲೆ ಮಲಗಿಸಿದಳು. ಬೆನ್ನು ನೆಟ್ಟಗೆ ಮಾಡಿಕೊಂಡಳು. "ಕೈ ತೊಳೆದೆ," ಎಂದು ಸ್ಪಷ್ಟವಾಗಿ ಹೇಳಿದಳು. ನಿಜವಾಗಿಯೂ ತೊಳೆದಿದ್ದಳು, ಈರಮ್ಮ ನೀರು ಹಾಕಿದ್ದಳು. "ನೀರು ಕುದಿಯಿತು," ಎಂದಳು. ಹೇಳಿ ಒಂದು ಉಸಿರಿನಷ್ಟು ನಿಂತಳು, ತಲೆಯನ್ನು ಸ್ವಲ್ಪ ಬಾಗಿಸಿದಳು, ಆಮೇಲೆ ಒಣ ಟ್ರೇಯಿಂದ ಚಿಮಟಿಗೆಯಲ್ಲಿ ಸೂಜಿ ಎತ್ತಿದಳು. "ಸೂಜಿ ಚಿಮಟಿಗೆಯಿಂದ ತೆಗೆದೆ."

ಆ ನಿಲುಗಡೆ ಭಾಗೀರಥಿಬಾಯಿಯದು. ತಲೆ ಬಾಗಿಸುವುದೂ ಅವಳದೇ. ಮುಂದಿನ ವಾಕ್ಯ ಹೇಳಿ ಎಂದು ಹುಡುಗಿಯರಿಗೆ ಮಾಡುತ್ತಿದ್ದ ಸನ್ನೆ. ತನ್ನ ಮೈಯ ಒಂದು ಚೂರು ಇನ್ನೊಬ್ಬಳ ಕುತ್ತಿಗೆಯಲ್ಲಿ ಅಂಟಿಕೊಂಡಿರುವುದನ್ನು ಅವಳು ನೋಡಿದಳು. "ಒಬ್ಬರಿಗಿ ಹಾಕಿ, ಇನ್ನೊಬ್ಬರಿಗಿ ಹಾಕೂ ನಡಬರಕ ಏನ್ ಮಾಡ್ದಿ?" ಎಂದು ಕೇಳಿದಳು, ಉತ್ತರ ಗೊತ್ತಿದ್ದೂ.

"ಮತ್ತ ಹೇಳಿದೆ ಬಾಯೀ. ಪ್ರತಿ ಒಬ್ಬರಿಗೂ ಹೇಳಿದೆ. ಒಂದ ಸಲಾನೂ ಬಿಟ್ಟಿಲ್ರಿ, ಅಲ್ಲಾಹ್ ಕಸಮ್. ಸ್ಪಿರಿಟ್ ಹತ್ತೀಲೆ ಒರಸಿದೆ. ಹತ್ತಿ ಮುಗೀತು. ಆಮ್ಯಾಲ ಬರೇ ಹೇಳಿದೆ."

"ಸೂಜಿ ಕುದಸಲಿಲ್ಲ?"

"ಕುದದು ಬಂದಿರ್ತಾವಲ್ರಿ ಬಾಯೀ, ಟ್ರೇದಾಗ?" ಮುನ್ನಿಬೀಯ ಹಣೆಯಲ್ಲಿ ಗೆರೆ ಮೂಡಿತು. "ಕಾಶೀರಾಮ ಅಣ್ಣಾ ಕೊಡ್ತಾರಲ್ಲ ಹಂಗ."

ಅದೂ ನಿಜ. ವಾರ್ಡಿನಲ್ಲಿ ಸೂಜಿಗಳು ಕಂಪೌಂಡರ್ ಕಾಶೀರಾಮನ ಕೋಣೆಯಲ್ಲಿ ಕುದಿಯುತ್ತಿದ್ದವು. ಬಾಗಿಲು ಹಾಕಿಕೊಂಡು ಅವನೇ ಕುದಿಸಿ, ಬಟ್ಟೆ ಮುಚ್ಚಿ, ಟ್ರೇಯನ್ನು ಹೊರಗೆ ಚಾಚುತ್ತಿದ್ದ. ಹುಡುಗಿಯರು ಅದನ್ನು ನರ್ಸಿನ ಕೈಗೆ ಮುಟ್ಟಿಸುತ್ತಿದ್ದರು, ಚಾದರ ಬದಲಿಸುತ್ತಿದ್ದರು, ಮಲದ ಪಾತ್ರೆ ಎತ್ತುತ್ತಿದ್ದರು. ಕ್ಲಾಸಿನಲ್ಲಿ ಗಂಜ್ ಮಾರುಕಟ್ಟೆಯಿಂದ ತಂದ ಬದನೆಕಾಯಿಗೆ ಮೊಂಡಾದ ಹಳೆಯ ಸೂಜಿ ಚುಚ್ಚುತ್ತಿದ್ದರು. ಬದನೆಕಾಯಿಗೆ ಕೀವಾಗುವುದಿಲ್ಲ. ಮರುದಿನ ಅದನ್ನೇ ಪಲ್ಯ ಮಾಡುತ್ತಿದ್ದರು, ಔಷಧದ ಬದನೆಕಾಯಿ ಎಂದು ನಗುತ್ತಾ ತಿನ್ನುತ್ತಿದ್ದರು. ಔರಾದಿನಲ್ಲಿ ಸೂಜಿ ಹಾಕಿದ ದಿನ ಮುನ್ನಿಬೀಯ ಜೊತೆ ಬಂದಿದ್ದ ಹಿರಿಯ ನರ್ಸು ಮಧ್ಯಾಹ್ನ ಪಕ್ಕದ ಹಳ್ಳಿಗೆ ಹೋಗಬೇಕಾಯಿತು. "ಉಳಿದವರಿಗಿ ನೀ ಹಾಕು, ಪರೀಕ್ಷಾದಾಗ ಪೈಲಾ ನಂಬರ ಬಂದಾಕಿ," ಎಂದು ಹೇಳಿ ಹೋಗಿದ್ದಳು. ಕುದಿಸಿ ತಂದ ಸೂಜಿಗಳು ಹಾವಗೆಪ್ಪನಿಗೆ, ಹಮಾಲರಿಗೆ ಸಾಕಾದವು. ಅಲ್ಲಿಂದ ಮುಂದೆ ವಾಕ್ಯಗಳೇ ಉಳಿದವು.

ಇವಳ ಜಾಗದಲ್ಲಿ ಕ್ಲಾಸಿನ ಗುಂಡಮ್ಮ ಇದ್ದಿದ್ದರೆ? ಗುಂಡಮ್ಮ ಓದು ಬಲ್ಲವಳು, ಭಾಲ್ಕಿಯ ಅಂಗಡಿಕಾರರ ಮಗಳು. ಅವಳೂ ಇದನ್ನೇ ಹೇಳಿ, ಇದನ್ನೇ ಮಾಡುತ್ತಿದ್ದಳು. ಕ್ಲಾಸಿನಲ್ಲಿ ಯಾರನ್ನು ಕಳಿಸಿದ್ದರೂ ಇದೇ ಆಗುತ್ತಿತ್ತು. ಭಾಗೀರಥಿಬಾಯಿ ಒಬ್ಬೊಬ್ಬಳನ್ನೇ ಈ ಪಡಸಾಲೆಯಲ್ಲಿ ಕೂರಿಸಿ ನೋಡಿದಳು. ಎಲ್ಲರೂ ಬೆನ್ನು ನೆಟ್ಟಗೆ ಮಾಡಿದರು, ಎಲ್ಲರೂ ನೀರು ಕುದಿಯಿತು ಎಂದರು, ಎಲ್ಲರೂ ತಲೆ ಬಾಗಿಸಿದರು. ದವಾಖಾನೆಯಲ್ಲಿ ಸೀಮೆಎಣ್ಣೆಯ ಒಂದು ಪಂಪಿನ ಸ್ಟೋವ್ ಇತ್ತು, ಹಿತ್ತಾಳೆಯದು. ಕಾಶೀರಾಮ ಅದನ್ನು ಅಲಮಾರಿಯಲ್ಲಿಟ್ಟು ಬೀಗ ಹಾಕುತ್ತಿದ್ದ. ಘಾಸಲೇಟು ಕಂಟ್ರೋಲಿನದು, ಅಳೆದು ಕೊಡುವುದು, ಹುಡುಗಿಯರ ಕೈಯಲ್ಲಿ ಪಿನ್ನು ಮುರಿದರೆ ಬೀದರಿನಲ್ಲಿ ಸಿಗುವುದಿಲ್ಲ ಎನ್ನುತ್ತಿದ್ದ. ಅವಳು ಬಂದ ಮೊದಲ ವರ್ಷ ಕಮಿಟಿಯ ಸಭೆಗೆ ಹೋಗಿ ಅದನ್ನು ಕ್ಲಾಸಿಗೆ ಕೊಡಿ ಎಂದು ಕೇಳಿದ್ದಳು. ನಿಂತುಕೊಂಡು ಕೇಳಿದ್ದಳು; ಕುರ್ಚಿ ಇರಲಿಲ್ಲ. ಯಾರೋ ಒಬ್ಬರು ಎಲೆ ಅಗಿಯುತ್ತಾ, "ಬಾಯಾರಿಗಿ ಚಹಾದ ಚಟ ಅದ ಕಾಣಸ್ತದ," ಎಂದರು. ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ ಅದು, ಊಟವಾದ ಮೇಲೆ ಗಂಡಸರು ನಗುವ ಸುಖದ ನಗು. ಅವಳೂ ನಕ್ಕಿದ್ದಳು. ಆ ನಗುವೇ ಈಗ ನಾಲಗೆಯ ಮೇಲೆ ಕಹಿಯಾಗಿ ಬರುತ್ತಿತ್ತು. ಅವರು ನಕ್ಕದ್ದಲ್ಲ, ತಾನು ನಕ್ಕದ್ದು. ಆಮೇಲೆ ಮತ್ತೆ ಕೇಳಲಿಲ್ಲ. ಮರುದಿನ ಕ್ಲಾಸಿನಲ್ಲಿ, "ಇಲ್ಲಿ ಕುದಿಸಿದ್ವಿ ಅಂತ ತಿಳ್ಕೊಳ್ರಿ, ಹೇಳಿ ಮುಂದ ಹೋಗ್ರಿ," ಎಂದಳು. ಹುಡುಗಿಯರು ಹೇಳಿ ಮುಂದೆ ಹೋದರು.

ಹೈದರಾಬಾದಿನಲ್ಲಿ ಅವಳು ಕಲಿತದ್ದು ಹೀಗಲ್ಲ. ಅಲ್ಲಿ ಮೇಟ್ರನ್ ರೂಲು ದೊಣ್ಣೆ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದಳು. ನೀರು ಕುದಿಯುವಾಗ ಸೂಜಿಗಳು ಪಾತ್ರೆಯ ತಳಕ್ಕೆ ಬಡಿದು ಸಣ್ಣಗೆ ಸದ್ದು ಮಾಡುತ್ತಿದ್ದವು. ಸಾಯಗಾಂವದಿಂದ ಅಲ್ಲಿಗೆ ಕಲಿಯಲು ಹೋಗಿದ್ದ ಅವಳಿಗೆ ಆ ಸದ್ದು ಇಷ್ಟವಾಗಿತ್ತು. ಪಾತ್ರೆಯೊಳಗೆ ಯಾರೋ ಬಳೆ ಹಾಕಿಕೊಂಡು ಕೆಲಸ ಮಾಡುತ್ತಿದ್ದಾರೆ ಎನ್ನಿಸುತ್ತಿತ್ತು. ಆ ಸದ್ದನ್ನು ಒಂದು ದಿನವೂ ತನ್ನ ಹುಡುಗಿಯರಿಗೆ ಕೇಳಿಸಲಿಲ್ಲ. ಇಲ್ಲ, ಒಂದು ದಿನ ಕೇಳಿಸಿದ್ದಳು. ಹಿಂದಿನ ವಾರ, ಭಾಲ್ಕಿಯಲ್ಲಿ.

ಭಾಲ್ಕಿಯ ವರ್ತಕರು ತಮ್ಮ ಊರಿಗೊಂದು ಹೆರಿಗೆ ಮನೆ ಬೇಕೆಂದು ಸಭೆ ಸೇರಿಸಿದ್ದರು. ನರ್ಸ್ ಕ್ಲಾಸು ಹೇಗೆ ನಡೆಯುತ್ತದೆಂದು ಜನ ಕಣ್ಣಾರೆ ನೋಡಲಿ ಎಂದು ಕಮಿಟಿಯವರು ಹುಡುಗಿಯರನ್ನು ಕರೆಸಿದರು. ಆ ದಿನ ಕಾಶೀರಾಮ ತಾನಾಗಿಯೇ ಅಲಮಾರಿ ತೆಗೆದು, ಹುಣಸೆಹಣ್ಣು ಹಚ್ಚಿ ಸ್ಟೋವನ್ನು ತಿಕ್ಕಿ, ಬಂಗಾರದಂತೆ ಮಾಡಿ, ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ. ವೇದಿಕೆಯ ಮೇಲೆ ಗುಂಡಮ್ಮ ಅದಕ್ಕೆ ಗಾಳಿ ಹಾಕಿದಳು. ನೀಲಿ ಉರಿ ಎದ್ದಿತು, ನೀರು ಕುದಿಯಿತು, ಸೂಜಿಗಳು ಸದ್ದು ಮಾಡಿದವು. ಮುಂದಿನ ಸಾಲಿನಲ್ಲಿ ಡಾಕ್ಟರ್ ಶಿವರಾಜಪ್ಪ ಮೊದಲು ಚಪ್ಪಾಳೆ ತಟ್ಟಿದರು. ಅದೇ ದಿನ, ಅದೇ ಹೊತ್ತಿಗೆ, ಔರಾದಿನ ಕಟ್ಟೆಯ ಮೇಲೆ ಮುನ್ನಿಬೀ ಹತ್ತಿ ಮುಗಿದ ಮೇಲೆ ಬರೀ ಹೇಳುತ್ತಿದ್ದಳು. ಸ್ಟೋವ್ ಕೇಳಿದ್ದಳೇ ಎಂದು ಭಾಗೀರಥಿಬಾಯಿ ಈಗ ಕೇಳಲಿಲ್ಲ. ಯಾಕೆ ಕೇಳುತ್ತಾಳೆ? ಸ್ಟೋವ್ ಬೇಕೆಂದು ಅವಳಿಗೆ ಯಾರು ಹೇಳಿದ್ದರು?

"ಏಳು," ಎಂದಳು. "ಈರಮ್ಮಾಯಿ, ಒಲಿ ಹಚ್ಚರಿ. ಒಂದು ಪಾತೇಲಿ ಕೊಡ್ರಿ, ತಿಕ್ಕಿದ್ದು."

"ಚಹಾ ಮಾಡ್ತೀರೇನ್ರವ್ವಾ?"

"ಇಲ್ಲ," ಎಂದಳು ಭಾಗೀರಥಿಬಾಯಿ. ಆ ಒಂದೇ ಮಾತನ್ನು ಸಿಟ್ಟೆಂದು ತಿಳಿದು ಈರಮ್ಮ ಒಳಗೆ ಹೋದಳು.

ಒಲೆಯ ಮುಂದೆ ಮುನ್ನಿಬೀ ಕುಕ್ಕರುಗಾಲಿನಲ್ಲಿ ಕುಳಿತಳು. ತೊಗರಿ ಕಟ್ಟಿಗೆ ಬೇಗ ಹತ್ತಿ ಬೇಗ ಆರುತ್ತಿತ್ತು, ಮತ್ತೆ ಮತ್ತೆ ತುರುಕಬೇಕಾಗಿತ್ತು. ಹೊಗೆ ಅಡುಗೆಮನೆಯೆಲ್ಲ ತುಂಬಿತು. ಡಾಕ್ಟರು ಕೀವು ತೆಗೆಯಲು ಬೇಕಾಗುವ ಚಾಕು, ಇಕ್ಕಳ, ಸೂಜಿಗಳನ್ನು ಭಾಗೀರಥಿಬಾಯಿ ಒಂದೊಂದಾಗಿ ನೀರಿಗೆ ಬಿಟ್ಟಳು. ನೀರು ಬೆಚ್ಚಗಾಯಿತು. ತಳದಲ್ಲಿ ಸಣ್ಣ ಗುಳ್ಳೆ ಕಟ್ಟಿ ಅಲ್ಲೇ ಅಂಟಿಕೊಂಡಿತು. ಮುನ್ನಿಬೀ ಚಿಮಟಿಗೆ ಚಾಚಿದಳು. "ಇನ್ನಾ ಇಲ್ಲ," ಎಂದಳು ಭಾಗೀರಥಿಬಾಯಿ. ಆವಿ ಎದ್ದಿತು. ಮತ್ತೆ ಚಾಚಿದಳು. "ಇನ್ನಾ ಇಲ್ಲ." ಕೊನೆಗೆ ನೀರು ಉಕ್ಕಿ ಕುದಿಯಿತು. ಸೂಜಿಗಳು ತಳಕ್ಕೆ ಬಡಿಯತೊಡಗಿದವು. "ಈಗ ಆತಲ್ರಿ ಬಾಯೀ?" "ಈಗ ಸುರು ಆಗ್ಯದ. ಹಿಂಗೇ ಕುದೀಬೇಕು. ಕಟಗಿ ಹಾಕು." ಹುಡುಗಿ ಕಟ್ಟಿಗೆ ಹಾಕಿದಳು, ಊದಿದಳು, ಕಣ್ಣೊರೆಸಿಕೊಂಡಳು, ಕಾದಳು. ಓಣಿಯಲ್ಲಿ ಒಂದು ಗಾಡಿ ಹಾದು ಹೋಯಿತು. ಈರಮ್ಮ ಒಳಗೆ ಇಣುಕಿ ಹೋದಳು, ಮತ್ತೊಮ್ಮೆ ಇಣುಕಿದಳು. ಮುನ್ನಿಬೀ ಪಾತ್ರೆಯಿಂದ ಮುಖ ಎತ್ತಿ ಭಾಗೀರಥಿಬಾಯಿಯನ್ನು ನೋಡಿದಳು. ಕಣ್ಣಿನಲ್ಲಿ ಹೊಗೆಯ ನೀರಿತ್ತು.

"ಇಷ್ಟೊತ್ತು ಆಗ್ತದೇನ್ರಿ ಬಾಯೀ?"

ಎರಡು ವರ್ಷದಲ್ಲಿ ಈ ಹುಡುಗಿ ಕೇಳಿದ ಮೊದಲನೆಯ ನಿಜವಾದ ಪ್ರಶ್ನೆ ಇದು. ಕಾಲವೆನ್ನುವುದನ್ನೇ ತಾನು ಕಲಿಸಿರಲಿಲ್ಲ. ಒಂದು ಉಸಿರಿನಲ್ಲಿ ಮುಗಿಯುವ ವಾಕ್ಯದೊಳಗೆ ಇಷ್ಟು ಕಟ್ಟಿಗೆ, ಇಷ್ಟು ಹೊಗೆ, ಇಷ್ಟು ಸುಮ್ಮನೆ ಕೂರುವುದು ಇದೆ ಎಂದು ಹೇಳಿರಲಿಲ್ಲ. ಹುಡುಗಿಗೆ ಹೊಡೆಯಬೇಕೆನ್ನಿಸಿತು, ಮೇಟ್ರನ್ ತನಗೆ ಹೊಡೆಯುತ್ತಿದ್ದಂತೆ ಬೆರಳ ಗಂಟಿನ ಮೇಲೆ. ಆಮೇಲೆ ಆ ಆಸೆಗೇ ನಾಚಿಕೆಯಾಯಿತು. "ಆಗ್ತದ," ಎಂದಳು ಕೊನೆಗೆ. ಮುನ್ನಿಬೀ ಕಟ್ಟಿಗೆ ಒಳಗೆ ತಳ್ಳಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಬೆನ್ನು ಅಲುಗುತ್ತಿರುವುದು ಕಾಣಿಸಿತು. ಕಟ್ಟೆಯ ಮೇಲೆ ಕುಳಿತು ತಾನು ಹೇಳಿದ್ದೆಲ್ಲ, ಯಾವ ತೋಳಿಗೆ ಯಾವ ಸಲ ಹೇಳಿದ್ದು, ಈಗ ಅವಳಿಗೆ ಒಂದೊಂದಾಗಿ ತಿಳಿಯುತ್ತಿತ್ತು.

ಜೀಪು ಬಂದಾಗ ಹಾವಗೆಪ್ಪ ಡಾಕ್ಟರರ ಜೊತೆಗೇ ಓಣಿಯೊಳಗೆ ನಡೆದು ಬಂದ. ಹಿಂದೆ ಮಕ್ಕಳನ್ನು ಎತ್ತಿಕೊಂಡ ಹೆಂಗಸರು. ಡಾಕ್ಟರ್ ಶಿವರಾಜಪ್ಪ ಮಾದೇವಿಯ ತೋಳನ್ನು ಬಗ್ಗಿ ನೋಡಿ, ಹಣೆ ಮುಟ್ಟಿ, ಎದ್ದು ನಿಂತರು. ಅವರದು ಕೆಟ್ಟ ಮನಸ್ಸಲ್ಲ. ಮಗುವಿಗೆ ತಂದ ಪೆಪ್ಪರಮೆಂಟನ್ನು ಜೇಬಿನಿಂದ ತೆಗೆದು ಕೊಟ್ಟರು.

"ಏನ್ರಿ ಬಾಯಾರ, ಏನ್ ಸಿಕ್ತು?"

"ಔಷಧ ಬರೋಬ್ಬರಿ ಅದರಿ ಸಾಹೇಬರ."

"ಅಂದ್ರ ಹುಡುಗಿ."

ಆಗ ಮಾತಾಡಬೇಕಾಗಿತ್ತು. ಭಾಗೀರಥಿಬಾಯಿ ಮಾತಾಡಲಿಲ್ಲ. ಎಲ್ಲಿಂದ ಹೇಳುವುದು, ಸ್ಟೋವಿನಿಂದಲೋ ಬದನೆಕಾಯಿಯಿಂದಲೋ ಎಂದು ಅವಳು ಹುಡುಕುತ್ತಿದ್ದಳು. ತನಗೆ ತಾನೇ ಹಾಗೆ ಹೇಳಿಕೊಂಡಳು. ನಿಜವೆಂದರೆ ಅವಳಿಗೆ ಕಮಿಟಿಯ ಕೋಣೆ ಕಾಣಿಸುತ್ತಿತ್ತು, ಎಲೆ ಅಗಿಯುವ ಬಾಯಿಗಳು ಕಾಣಿಸುತ್ತಿದ್ದವು. ಡಾಕ್ಟರು ಸ್ವಲ್ಪ ಕಾದು, ಉತ್ತರ ಸಿಕ್ಕಿತು ಎಂದುಕೊಂಡು ಹಾವಗೆಪ್ಪನ ಕಡೆ ತಿರುಗಿದರು.

"ನಾಳಿಂದ ಈ ಹುಡುಗಿ ನಮ್ಮಲ್ಲಿ ಇರಂಗಿಲ್ಲ. ಊರವರಿಗಿ ಹೇಳ್ರಿ."

"ಹೇಳ್ತೇವ್ರಿ ಸಾಹೇಬರ. ನಾ ಬಾಯಾರಿಗಿ ಮುಂಜಾನೇನೇ ಅಂದೀನಿ, ಇಂಥಾದ್ದು ಮನಸ್ಸಿನಾಗ ವೈರ ಇಲ್ದ ಆಗಂಗಿಲ್ಲಂತ."

ಮುನ್ನಿಬೀ ಅಡುಗೆಮನೆಯ ಹೊಸಿಲಲ್ಲಿ ಟ್ರೇ ಹಿಡಿದು ನಿಂತಿದ್ದಳು. ಕುದಿಸಿದ ಬಟ್ಟೆಯ ಮೇಲೆ ಕುದಿಸಿದ ಚಾಕು. ಡಾಕ್ಟರು ತೆಗೆದುಕೊಳ್ಳುವವರೆಗೆ ಕೆಳಗಿಡಬಾರದು, ಯಾವುದಕ್ಕೂ ತಾಗಿಸಬಾರದು ಎಂದು ಭಾಗೀರಥಿಬಾಯಿ ಹೇಳಿದ್ದಳು. ತನ್ನನ್ನು ಹೊರಗೆ ಹಾಕುವ ಮಾತು ಕೇಳಿದರೂ, ಅದಕ್ಕಿಂತ ದೊಡ್ಡ ಮಾತು ಕೇಳಿದರೂ, ಅವಳು ಟ್ರೇ ಇಳಿಸಲಿಲ್ಲ. ಲೋಹ ಲೋಹಕ್ಕೆ ತಾಗಿ ಸಣ್ಣ ಸದ್ದು ಮಾತ್ರ ಬರುತ್ತಿತ್ತು.

"ಸಾಹೇಬರ," ಎಂದಳು ಭಾಗೀರಥಿಬಾಯಿ, "ಮೂರನೇದ್ದು ಅದರಿ."

"ಏನದು?"

"ನಾ ಕಲಿಸಿದ್ದು."

ಡಾಕ್ಟರು ಮುಗುಳ್ನಕ್ಕರು. "ಸೂಜಿ ಕುದಸಬ್ಯಾಡ್ರಿ ಅಂತ ಕಲಿಸೀರೇನು?"

"ಇಲ್ರಿ. ಕುದಿಸೀನಿ ಅನ್ನೂದು ಕಲಿಸೀನಿ. ಕುದಸೂದು ಕಲಿಸಿಲ್ಲ. ಒಬ್ಬಾಕಿಗೂ ಕಲಿಸಿಲ್ಲ. ಇಕಿ ಅಲ್ಲ, ಯಾರ ಬಂದಿದ್ರೂ ಇದೇ ಆಗ್ತಿತ್ತು."

"ಇದೇನ್ ಮಾತಾಡ್ತೀರಿ ಮಂದಿ ಮುಂದ? ದವಾಖಾನ್ಯಾಗ ಸ್ಟೋವ್ ಇಲ್ಲೇನು? ಅವತ್ತ ಸ್ಟೋವ್ ಎಲ್ಲಿತ್ತು?"

"ಭಾಲ್ಕಿಯೊಳಗರಿ. ವೇದಿಕಿ ಮ್ಯಾಲ. ನೀವೂ ಕುಂತಿದ್ರಿ. ಚಪ್ಪಾಳಿ ತಟ್ಟಿದ್ರಿ."

ಡಾಕ್ಟರರ ಮುಖದಿಂದ ಮುಗುಳ್ನಗೆ ಹೋಗಿತ್ತು. ಭಾಗೀರಥಿಬಾಯಿ ತನಗೆ ಹಗುರಾಗುತ್ತದೆ ಎಂದುಕೊಂಡಿದ್ದಳು, ಏನೂ ಹಗುರಾಗಲಿಲ್ಲ. ಮಾತು ಕೇಳಿಸಿತೇ ಹೊರತು ತಿಳಿಯಲಿಲ್ಲವೆಂದು ಅವರ ಕಣ್ಣೇ ಹೇಳುತ್ತಿತ್ತು. ಅವರಿಗೆ ಕೇಳಿಸಿದ್ದು ಚಪ್ಪಾಳೆಯ ಮಾತೊಂದೇ. ಈರಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಂದ್ರ ಇಕಿಗಿ ಕಲಿಸಿದಾಕಿ ನೀವೇನ್ರವ್ವಾ?"

"ಹೌದ್ರಿ."

"ಮತ್ತ ಮುಂಜಾನಿಂದ ನಮ್ಮ ಮನ್ಯಾಗ ನೀರ ಕುಡಕೋತ ಕುಂತೀರಲ್ಲ, ಹೇಳಲೇ ಇಲ್ಲ," ಎಂದಳು ಈರಮ್ಮ. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಾಗಿತ್ತು.

"ಆ ಮಾತ ಬೀದರದಾಗ ಆಡೋಣು," ಎಂದರು ಡಾಕ್ಟರು. ಅಂಗಿಯ ತೋಳು ಮಡಚಿ, ಕೈ ತೊಳೆದು, ಮುನ್ನಿಬೀಯ ಟ್ರೇಯ ಕಡೆ ನೋಡಿದರು. "ಇದನ್ನರ ಕುದಿಸೀಯೋ, ಇದೂ ಬರೇ ಹೇಳಿದ್ದೋ?"

ಮುನ್ನಿಬೀ ಪಕ್ಕಕ್ಕೆ ಸರಿದು ಒಳಗಿನ ಒಲೆ ಕಾಣುವಂತೆ ನಿಂತಳು. ಅಲ್ಲಿ ಪಾತ್ರೆಯಲ್ಲಿ ನೀರು ಇನ್ನೂ ಕುದಿಯುತ್ತಿತ್ತು.

ಡಾಕ್ಟರು ಚಾಕು ತೆಗೆದುಕೊಂಡರು. ಸಂಜೆಯವರೆಗೆ ಹದಿನಾಲ್ಕೂ ತೋಳುಗಳ ಕೀವು ತೆಗೆದರು. ಪ್ರತಿಯೊಬ್ಬರ ನಡುವೆ ಮುನ್ನಿಬೀ ಚಾಕುವನ್ನು ಒಳಗೆ ಒಯ್ದು ಮತ್ತೆ ಕುದಿಸಿದಳು. ಹೊತ್ತು ಹಿಡಿಯಿತು. ಡಾಕ್ಟರು ಎರಡು ಬಾರಿ ಗಡಿಯಾರ ನೋಡಿಕೊಂಡರು, ಹಾವಗೆಪ್ಪ ಬೇಸತ್ತು ಅಂಗಡಿಗೆ ಹೋದ.

ಮಾದೇವಿಯ ತೋಳು ತಿಂಗಳೊಳಗೆ ಮಾಯಿತು, ಕಲೆ ಉಳಿಯಿತು. ಔರಾದಿನಿಂದ ಬಂದ ಮರುವಾರವೇ ಕಮಿಟಿಯವರು ಭಾಗೀರಥಿಬಾಯಿಯನ್ನು ಕ್ಲಾಸಿನಿಂದ ತೆಗೆದು ಭಾಲ್ಕಿಯ ಹೊಸ ಹೆರಿಗೆ ಮನೆಗೆ ಹಾಕಿದರು. ಕ್ಲಾಸು ಕಾಶೀರಾಮನ ಕೈಗೆ ಹೋಯಿತು. ತಪ್ಪು ಭಾಗೀರಥಿಬಾಯಿಯ ಹೆಸರಿಗೆ ಹೋದದ್ದರಿಂದ ಮುನ್ನಿಬೀಯನ್ನು ಹೊರಗೆ ಹಾಕಲಿಲ್ಲ. ಜೂನಿನಲ್ಲಿ ಪರೀಕ್ಷೆ ನಡೆದಾಗ ಅವಳು ಕೈ ತೊಳೆದು, ಬಟ್ಟೆ ಹಾಸಿ, ಟ್ರೇ ಇಟ್ಟು, ಸ್ಟೋವ್ ಕೇಳಿದಳು. ಸ್ಟೋವ್ ಅಲಮಾರಿಯಲ್ಲಿತ್ತು; ಅದು ಬೇಕಿಲ್ಲ, ಹೇಳಿ ಮುಂದೆ ಹೋಗು ಎಂದರು ಪರೀಕ್ಷಕರು. ನೀರು ಕುದಿಯಿತು ಎಂದು ಅವಳು ಹೇಳಲಿಲ್ಲ. ಪರೀಕ್ಷಕರು ಸ್ವಲ್ಪ ಹೊತ್ತು ಕಾದು ಅವಳನ್ನು ನಾಪಾಸು ಮಾಡಿದರು.